ಅಕಲಂಕರ ಓದು, ಬೈಲಕುಪ್ಪೆಯ ಅಂಗಳ

ಪರಮತವನ್ನು ಅರಿಯಲೆಂದು ಬೌದ್ಧವಿಹಾರವನ್ನು ಹೊಕ್ಕ ಜೈನ ವಿದ್ಯಾರ್ಥಿಗಳೆಂದೊಡನೆ ನಮಗೆ ನೆನಪಾಗುವವರು ಅಕಲಂಕ, ನಿಷ್ಕಲಂಕ ಸೋದರರು. ಕಥಾಕೋಶಗಳು ಹೇಳುವಂತೆ ಅವರು ತಮ್ಮ ಮತವನ್ನು ಮರೆಮಾಡಿ ಓದಿದರು. ಸಂದೇಹಗೊಂಡ ಗುರು ಜಿನಬಿಂಬವನ್ನು ದಾಟಿರೆಂದಾಗ, ಅದರ ಮೇಲೊಂದು ನೂಲೆಳೆಯನ್ನಿಟ್ಟು, ಪರಿಗ್ರಹವುಳ್ಳದ್ದು ನಿರ್ಗ್ರಂಥವಲ್ಲವೆಂದು ಭಾವಿಸಿ ದಾಟಿದರು. ಇರುಳಿನಲ್ಲಿ ಪಾತ್ರೆಗಳುರುಳಿದ ಸದ್ದಿಗೆ ಬೆಚ್ಚಿ ಎದ್ದಾಗ ಬಾಯಿಗೆ ಬಂದುದು ಜಿನನಾಮ, ಸಿಕ್ಕಿಬಿದ್ದರು. ನಿಷ್ಕಲಂಕನು ಅಣ್ಣನನ್ನು ಉಳಿಸಲು ಪ್ರಾಣ ತೆತ್ತನು. ಕಥೆಯಲ್ಲಿ ಇತಿಹಾಸವೆಷ್ಟೆಂಬುದನ್ನು ವಿದ್ವಾಂಸರಿಗೆ ಬಿಡೋಣ. ಹಿಮಶೀತಲನ ಸಭೆಯಲ್ಲಿ ಅಕಲಂಕರು ಬೌದ್ಧರನ್ನು ಗೆದ್ದ ಮಾತಂತೂ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯಲ್ಲಿ, ಶಕ 1050ರಷ್ಟು ಹಿಂದೆಯೇ, ಕಲ್ಲಿನ ಮೇಲೆ ನಿಂತಿದೆ.

ನಮ್ಮ ವಿದ್ಯಾರ್ಥಿನಿಲಯದ ಮಕ್ಕಳನ್ನು ಬೈಲಕುಪ್ಪೆಗೆ ಕರೆದೊಯ್ಯುವ ಪ್ರಸ್ತಾಪ ಬಂದಾಗ ಟ್ರಸ್ಟಿನ ಹಿರಿಯರೊಬ್ಬರು ಈ ಕಥೆಯನ್ನೇ ಎತ್ತಿದರು. ಅಕಲಂಕರು ಹೋದುದು ಸ್ವಸಮಯವನ್ನು ಬಲ್ಲವರಾಗಿ, ನಮ್ಮ ಮಕ್ಕಳಿಗೆ ಏಳು ತತ್ತ್ವಗಳ ಹೆಸರೂ ಬಾರದು ಎಂಬುದು ಅವರ ಆಕ್ಷೇಪ. ಅದರಲ್ಲಿ ತಿರುಳಿತ್ತು. ಮಹಾವೀರಸ್ವಾಮಿಯ ಶ್ರಾವಕನಾದ ಉಪಾಲಿ ಗೃಹಪತಿಯು ವಾದಕ್ಕೆಂದು ಹೋಗಿ ಬುದ್ಧನ ಉಪಾಸಕನಾಗಿ ಮರಳಿದನೆಂದು ಪಾಲಿ ಗ್ರಂಥಗಳು ಹೇಳುತ್ತವೆ. ಆದರೆ ನಿರ್ಗ್ರಂಥರಿಗೆ ಕೊಡುತ್ತ ಬಂದ ಆಹಾರದಾನವನ್ನು ನಿಲ್ಲಿಸಬಾರದೆಂದು ಬುದ್ಧನು ಅವನಿಗೆ ತಿಳಿಸಿದನೆಂದೂ ಅಲ್ಲಿಯೇ ಇದೆ. ಕಡೆಗೆ ಎರಡು ತಿಂಗಳು ತತ್ತ್ವಾರ್ಥಸೂತ್ರದ ಪಾಠ ನಡೆಸಿ ಹೊರಟೆವು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರು 1961ರ ಸುಮಾರಿಗೆ ನೆಲೆಗೊಂಡರು. ಪ್ರವಾಸಿಗಳೆಲ್ಲ ನೋಡುವುದು ನಾಮ್ಡ್ರೋಲಿಂಗ್ ವಿಹಾರದ ಸುವರ್ಣಮಂದಿರವನ್ನು. 1999ರಲ್ಲಿ ಉದ್ಘಾಟನೆಗೊಂಡ ಆ ಮಂದಿರದ ಭವ್ಯಮೂರ್ತಿಗಳ ಮುಂದೆ ನಾವೂ ನಿಂತೆವು, ನೋಡಿದೆವು. ನಮ್ಮ ಲಕ್ಷ್ಯವಿದ್ದುದು ಸೆರಾ ವಿಹಾರದ ವಾದದಂಗಳದ ಮೇಲೆ.

1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾಗಿ, ದೇಶಭ್ರಷ್ಟರೊಡನೆ ಇಲ್ಲಿ ಮರುಹುಟ್ಟು ಪಡೆದ ವಿದ್ಯಾಪೀಠವಿದು. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಕಾಲನ್ನಪ್ಪಳಿಸಿ, ಅಂಗೈಗಳನ್ನು ತಟ್ಟಿ ಪ್ರಶ್ನೆಯನ್ನು ಎಸೆಯುತ್ತಾನೆ. ಜಗಳವೆಂದು ಬೆದರಿದ ಚಿಕ್ಕವರಿಗೆ, ಅದು ತರ್ಕಾಭ್ಯಾಸವೆಂದು ವಿವರಿಸಬೇಕಾಯಿತು. ಅಲ್ಲಿ ಇಂದಿಗೂ ಕಲಿಸುವ ಪ್ರಮಾಣಶಾಸ್ತ್ರ ಧರ್ಮಕೀರ್ತಿಯ ಪ್ರಮಾಣವಾರ್ತಿಕ. ಎಲ್ಲವೂ ಉಭಯರೂಪವಾದರೆ, ಮೊಸರು ತಿನ್ನೆಂದಾಗ ಒಂಟೆಯತ್ತ ಏಕೆ ಓಡುವುದಿಲ್ಲ ಎಂದು ಅನೇಕಾಂತವನ್ನು ಅಣಕಿಸಿದವನು ಅವನೇ. ನ್ಯಾಯವಿನಿಶ್ಚಯದಲ್ಲಿ ಅಕಲಂಕರು ಅದಕ್ಕೆ ಮರುನುಡಿದರು: ಬುದ್ಧನು ಹಿಂದಿನ ಜನ್ಮದಲ್ಲಿ ಜಿಂಕೆಯಾಗಿದ್ದನೆನ್ನುವಿರಿ, ಆದರೂ ಬುದ್ಧನನ್ನು ವಂದಿಸಿ ಜಿಂಕೆಯನ್ನು ತಿನ್ನುವಿರಿ, ಸಂತಾನವೊಂದೇ ಆದರೂ ಪರ್ಯಾಯಭೇದವನ್ನು ನೀವೂ ಒಪ್ಪಿದಂತಾಯಿತಲ್ಲ.

ಪಾಠದಲ್ಲಿ ಇದನ್ನು ಕೇಳಿದ್ದ ಹುಡುಗನೊಬ್ಬ ಸುಮ್ಮನಿರಲಿಲ್ಲ. ನಮಗೆ ವಿಹಾರ ತೋರಿಸುತ್ತಿದ್ದ ಭಿಕ್ಷು ಇಲ್ಲಿಯೇ ಹುಟ್ಟಿದವರು, ಕನ್ನಡ ಬಲ್ಲವರು. "ಗುರುಗಳೇ, ಕರುಣೆಯೇ ಧರ್ಮವೆನ್ನುತ್ತೀರಿ. ಮಾಂಸವನ್ನು ಹೇಗೆ ತಿನ್ನುತ್ತೀರಿ?" ಎಂದೇ ಬಿಟ್ಟ. ಜೊತೆಗಿದ್ದ ಶಿಕ್ಷಕರು ಅವನ ಭುಜವನ್ನೊತ್ತಿದರು.

ಭಿಕ್ಷು ಮುನಿಯಲಿಲ್ಲ. ಟಿಬೆಟಿನ ಎತ್ತರದ ಚಳಿಯಲ್ಲಿ ಬೆಳೆಯುವುದು ಅಲ್ಪವೆಂದರು. ತನಗಾಗಿ ಕೊಂದುದನ್ನು ಕಂಡಿರಬಾರದು, ಕೇಳಿರಬಾರದು, ಶಂಕೆಯೂ ಇರಬಾರದೆಂಬ ತ್ರಿಕೋಟಿ ಶುದ್ಧಿಯ ನಿಯಮವನ್ನು ಹೇಳಿದರು. ಬಳಿಕ ಮೆಲ್ಲನೆ, "ಅದು ಅನುಮತಿ ಮಾತ್ರ, ಪುಣ್ಯವಲ್ಲ. ಇಲ್ಲಿ ಕಾಯಿಪಲ್ಲೆ ಬೇಕಾದಷ್ಟಿದೆ, ನಾನು ಬಿಟ್ಟಿದ್ದೇನೆ" ಎಂದರು. ಹದಿನೇಳನೆಯ ಕರ್ಮಾಪಾ ಅವರು 2007ರಲ್ಲಿ ತಮ್ಮ ಪಂಥದ ವಿಹಾರಗಳಲ್ಲಿ ಮಾಂಸದಡುಗೆ ಕೂಡದೆಂದು ಸಾರಿದುದನ್ನು ಇಲ್ಲಿ ನೆನೆಯಬಹುದು.

ಆ ನಿಯಮ ಹುಟ್ಟಿದ ಸಂದರ್ಭದಲ್ಲಿಯೂ ನಮ್ಮವರಿದ್ದಾರೆ. ನಿರ್ಗ್ರಂಥರ ಉಪಾಸಕನಾಗಿದ್ದ ಸಿಂಹ ಸೇನಾಪತಿಯು ಬುದ್ಧನಿಗೆ ಮಾಂಸದೂಟ ಬಡಿಸಿದಾಗ ನಿರ್ಗ್ರಂಥರು ವೈಶಾಲಿಯ ಬೀದಿಗಳಲ್ಲಿ ಕೂಗಿ ಆಕ್ಷೇಪಿಸಿದರೆಂದು ವಿನಯಪಿಟಕ ಹೇಳುತ್ತದೆ. ಆ ಕೂಗು ನ್ಯಾಯವಾದುದೆಂದೇ ನನ್ನ ಮತ. ಕೃತ, ಕಾರಿತ, ಅನುಮತ ಈ ಮೂರರಲ್ಲಿಯೂ ಆಸ್ರವವನ್ನು ಕಾಣುವ ನಮಗೆ, ಕೊಳ್ಳುವವನ ಹಣ ಕತ್ತಿಗೆ ಹೊರತಲ್ಲ.

ಹೊರಡುವ ಮುನ್ನ ಭಿಕ್ಷು ಮಕ್ಕಳನ್ನೊಂದು ಮಾತು ಕೇಳಿದರು: "ನಿಮ್ಮ ಪೂಜೆಯಲ್ಲಿ, ಮದುವೆಯಲ್ಲಿ ರೇಷ್ಮೆ ಉಡುತ್ತೀರಲ್ಲವೇ? ಹುಳು ಒಳಗಿರುವಾಗಲೇ ಗೂಡನ್ನು ಬೇಯಿಸುತ್ತಾರಂತೆ." ತಮ್ಮ ಥಂಕಾ ಪಟಗಳ ಅಂಚೂ ರೇಷ್ಮೆಯದೇ ಎಂದು ತಾವೇ ಸೇರಿಸಿದರು. ಹುಡುಗಿಯೊಬ್ಬಳು, "ನಾವು ಕೊಲ್ಲುವುದಿಲ್ಲ, ಅಂಗಡಿಯಲ್ಲಿ ಕೊಳ್ಳುತ್ತೇವೆ" ಎಂದು ಆರಂಭಿಸಿದವಳು ಅಲ್ಲಿಗೇ ನಿಂತಳು. ತಾನು ಆಡುತ್ತಿರುವುದು ತ್ರಿಕೋಟಿ ಶುದ್ಧಿಯ ವಾದವನ್ನೇ ಎಂಬುದು ಅವಳಿಗೆ ಹೊಳೆದಿರಬೇಕು. ಯೋಚಿಸಿ ಪತ್ರ ಬರೆಯುವೆನೆಂದು ಮಾತು ಕೊಟ್ಟಳು.

ಬಸದಿಯ ಅಭಿಷೇಕಕ್ಕೆ ಹತ್ತಿಯ ಮಡಿವಸ್ತ್ರವನ್ನೇ ಬಳಸಬೇಕೆಂಬ ಮಕ್ಕಳ ಅರ್ಜಿ ಈಗ ಟ್ರಸ್ಟಿನ ಮುಂದಿದೆ. ಸದಸ್ಯರಲ್ಲಿ ಇಬ್ಬರು ಸೀರೆಯ ವ್ಯಾಪಾರಿಗಳು. ಅವರ ಇಕ್ಕಟ್ಟೂ ಸುಳ್ಳಲ್ಲ. ಚರ್ಚೆ ಎರಡು ಸಭೆಗಳನ್ನು ದಾಟಿ ಮೂರನೆಯದಕ್ಕೆ ಮುಂದೆ ಹೋಗಿದೆ. ಬೈಲಕುಪ್ಪೆಗೆ ಹೋಗಬೇಕಾದ ಪತ್ರವೂ ಅದಕ್ಕಾಗಿ ಕಾದಿದೆ.