ಹೆಗಲಿಗೆ ಚೀಲ, ಸುತ್ತ ಕೃಷ್ಣೆ

ಬೆಳಿಗ್ಗೆ ಆತ್ಕೂರಿನ ದಡ. ತೆಪ್ಪಕ್ಕೆ ಕಾಲಿಡುತ್ತಿದ್ದ ಹಾಗೆ ನಾವಿಕ ನನ್ನ ಬೆನ್ನಿನ ಬ್ಯಾಗು ನೋಡಿ, “ಅಣ್ಣಾ, ಅದನ್ನ ನಡುವ ಇಟ್ಟು ಕುಂದ್ರಿ, ವಾಲ್ತದ” ಅಂದ.

ಇವತ್ತು ದತ್ತ ಜಯಂತಿ. ದತ್ತನ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ, ಕೃಷ್ಣೆಯ ನಡುಗಡ್ಡೆ ಕುರುವಪುರಕ್ಕೆ ಎರಡೂ ದಡದಿಂದ ಜನ. ಈ ಕಡೆ ಕನ್ನಡ, ಆ ಕಡೆ ತೆಲಂಗಾಣದ ತೆಲುಗು, ನಡುವೆ ಗುರುಚರಿತ್ರೆ ಹಿಡಿದ ಮರಾಠಿ ಅಜ್ಜಿಯರು. ದರ್ಶನ ಮುಗಿಸಿ ನಡುಗಡ್ಡೆಯ ಅಂಚು ಹಿಡಿದು ನಡೆದೆ. ಬಂಡೆ, ಮರಳು, ಮತ್ತೆ ಬಂಡೆ. ಒದ್ದೆ ಮರಳಿನಲ್ಲಿ ಕೊಕ್ಕರೆ ಹೆಜ್ಜೆ ಅಷ್ಟೇ. ಸಮುದ್ರದ ದ್ವೀಪ ನೋಡಲು ಅಂಡಮಾನಿಗೆ ದುಡ್ಡು ಕೂಡಿಸುತ್ತಿದ್ದೆ. ಮನೆ ಹಿಂದಿನ ಹೊಳೆಯಲ್ಲೇ ಇಷ್ಟು ಚೆಂದದ ದ್ವೀಪ ಇದೆ!

ವಾಪಸ್ ಬರುವಾಗ ಪಕ್ಕದಲ್ಲಿ ಕೂತ ತಾಯಿಯ ಮಡಿಲಲ್ಲಿ ಅಕ್ಕಿ ಚೀಲ. ನನಗೆ ಇದು ಒಂದು ದಿನದ ತಿರುಗಾಟ. ನಡುಗಡ್ಡೆಯವರಿಗೆ ಸಂತೆ, ಆಸ್ಪತ್ರೆ, ಹೆರಿಗೆ ಎಲ್ಲಕ್ಕೂ ಈ ನೀರೇ ದಾರಿ. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದೂ ಬಂದ್. ಅದನ್ನು ನೆನೆದು ಹೊಟ್ಟೆಯೊಳಗೆ ಹೇಗೋ ಆಯಿತು.

ಕೃಷ್ಣೆಯ ಬೇರೆ ನಡುಗಡ್ಡೆಗಳಾದ ನಾರದಗಡ್ಡೆ, ಕುರುವಕಲಾ ಕಡೆ ಹೋದವರು ಯಾರಾದರೂ ಇದ್ದೀರಾ? ಮುಂದಿನ ಹುಣ್ಣಿಮೆಗೆ ಜೊತೆಗೆ ಬರ್ತೀರಾ?