ಅರಳುವ ಮೊದಲು

ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಮೂರರ ಮೇಲೆ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ. ಕರೆದರೂ ನಾನು ಏಳುವುದಿಲ್ಲ. ಬಾಲ್ಕನಿಯ ಬಾಗಿಲಿಗೆ ಚಾಪೆ ಹಾಸಿಕೊಂಡು, ಬೆಳಿಗ್ಗೆ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮೊಗ್ಗನ್ನು ಮೊರಕ್ಕೆ ಸುರಿದು, ಬಾಳೆನಾರನ್ನು ನೀರಲ್ಲಿ ನೆನೆಹಾಕಿ ಕೂತಿರುತ್ತೇನೆ. ಐವತ್ತು ದಾಟಿದ ಗಂಡಸು ಹೀಗೆ ಹೂ ಕಟ್ಟುವುದನ್ನು ಎದುರು ಬ್ಲಾಕಿನವರು ಮೊದಮೊದಲು ಪರದೆ ಸರಿಸಿ ನೋಡುತ್ತಿದ್ದರು. ಈಗ ಅವರಿಗೂ ರೂಢಿಯಾಗಿದೆ. ಶುಕ್ರವಾರ ಬಂದರೆ 'ಸಾರ್, ಒಂದು ಮೊಳ ಮಿಕ್ಕಿದೆಯಾ?' ಎಂದು ಅಲ್ಲಿಂದಲೇ ಕೂಗುತ್ತಾರೆ.

ಹೂ ಕಟ್ಟುವುದು ಹೆಂಗಸರ ಕೆಲಸ ಅನ್ನುವವರು ನಸುಕಿನಲ್ಲಿ ಒಮ್ಮೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿಬರಬೇಕು. ದೇವರಿಗೆ, ಮದುವೆಗೆ, ಮಂತ್ರಿಗಳ ಕೊರಳಿಗೆ ಹೋಗುವ ಆಳೆತ್ತರದ ಹಾರಗಳನ್ನು ಪಂಚೆ ಎತ್ತಿ ಕಟ್ಟಿದ ಗಂಡಸರು ಬೀಡಿ ಕಚ್ಚಿಕೊಂಡೇ ಕಟ್ಟುತ್ತಿರುತ್ತಾರೆ. ಅವರ ಬೆರಳನ್ನು ನೋಡುತ್ತ ನಿಂತರೆ ಏನು ನಡೆಯುತ್ತಿದೆ ಅನ್ನುವುದೇ ತಿಳಿಯದು. ನನ್ನದು ಆ ವೇಗವಲ್ಲ. ನನಗೆ ಕಲಿಸಿದವಳು ಅಮ್ಮ, ಮೈಸೂರಿನ ಮನೆಯ ಜಗುಲಿಯಲ್ಲಿ. ಬೇಸಿಗೆ ರಜೆಯಲ್ಲಿ ಬಿಸಿಲಿಗೆ ಹೊರಗೆ ಓಡಬಾರದೆಂದು ಮಕ್ಕಳನ್ನು ಕೂಡಿಹಾಕಲು ಅವಳು ಹೂಡುತ್ತಿದ್ದ ಉಪಾಯ ಅದು. ನನ್ನ ಕಾಲಿನ ಹೆಬ್ಬೆರಳಿಗೆ ದಾರದ ತುದಿ ಕಟ್ಟಿ, 'ಈ ಕಡೆ ಎರಡು ಇಡು, ಆ ಕಡೆ ಎರಡು ಇಡು. ತೊಟ್ಟು ತೊಟ್ಟಿನ ಮೇಲೆ ಕೂರಬೇಕು ಕಣೋ, ಹೂವಿನ ಮುಖ ಹೊರಗೆ' ಅನ್ನುತ್ತಿದ್ದಳು. ದಾರವನ್ನು ಒಮ್ಮೆ ಸುತ್ತಿ, ಬೆರಳ ತುದಿಯಲ್ಲೇ ಕುಣಿಕೆ ಮಾಡಿ, ತೊಟ್ಟಿನ ಮೇಲಿಂದ ಹಾಯಿಸಿ ಎಳೆದರೆ ಒಂದು ಕಟ್ಟು. ಎಲ್ಲ ಇರುವುದು ಆ ಎಳೆತದಲ್ಲಿ. ಬಿಗಿ ಹೆಚ್ಚಾದರೆ ಎಳೆ ತೊಟ್ಟು ಕತ್ತರಿಸಿ ಹೋಗುತ್ತದೆ, ಸಡಿಲವಾದರೆ ಮುಡಿದವರು ತಲೆ ಕೊಡವಿದಾಗ ಹೂ ಉದುರುತ್ತದೆ. ಬಾಳೆನಾರಿನ ದೊಡ್ಡತನ ಗೊತ್ತಾಗುವುದು ಇಲ್ಲೇ. ನೂಲಿಗಿಂತ ಚಪ್ಪಟೆಯಾಗಿರುವುದರಿಂದ ಅದು ತೊಟ್ಟನ್ನು ಕೊಯ್ಯುವುದಿಲ್ಲ. ನೆನೆದಿರುವುದರಿಂದ ಹೂವಿಗೆ ಒಂದಿಷ್ಟು ತಂಪನ್ನೂ ಕೊಡುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬಾಳೆಗಿಡ ಎಲ್ಲಿಂದ ಬರಬೇಕು? ಮದುವೆ ಛತ್ರಗಳ ಬಾಗಿಲಿಗೆ ಕಟ್ಟಿದ ಬಾಳೆಕಂದನ್ನು ಮಾರನೆಯ ದಿನ ಬೀದಿಗೆ ಎಸೆಯುತ್ತಾರಲ್ಲ, ಅದರ ಹೊರಪಟ್ಟೆಯನ್ನು ಸುಲಿದು ತಂದು ಒಣಗಿಸಿ ಇಟ್ಟುಕೊಳ್ಳುತ್ತೇನೆ. ಬೇಕಾದಾಗ ನೆನೆಸಿ ಉಗುರಲ್ಲಿ ಸೀಳಿದರೆ ಸರಿ. ಹೀಗೆ ಛತ್ರದ ಮುಂದೆ ಬಗ್ಗಿ ಬಾಳೆಪಟ್ಟೆ ಸುಲಿಯುವಾಗ ಪರಿಚಯದವರು ಯಾರೂ ಎದುರಾಗದಿದ್ದರೆ ಸಾಕು ಎಂದು ಹೆಂಡತಿ ಹೇಳುವುದುಂಟು.

ನಮ್ಮ ಬಾಲ್ಕನಿ ಪೂರ್ವಕ್ಕಿದೆ. ಬೆಳಗಿನಿಂದ ಹನ್ನೊಂದೂವರೆಯವರೆಗೆ ಬಿಸಿಲು, ಆಮೇಲೆ ನೆರಳು. ಮಲ್ಲಿಗೆಗೆ ಇಷ್ಟು ಸಾಕು, ಕಡಿಮೆಯಾದರೆ ಮಾತ್ರ ಬರೀ ಎಲೆ ಬಿಟ್ಟುಕೊಂಡು ನಿಲ್ಲುತ್ತದೆ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡಗಳಲ್ಲಿ ದುಂಡುಮಲ್ಲಿಗೆ ಇದೆ, ಏಳುಸುತ್ತಿನದು ಇದೆ. ಮೈಸೂರು ಮಲ್ಲಿಗೆ ಅಂತ ಕೇಳಿ ತಂದದ್ದೂ ಒಂದಿದೆ. ಅದರ ಕುಲಗೋತ್ರದ ಬಗ್ಗೆ ಅಮ್ಮನಿಗೆ ಕೊನೆತನಕ ಅನುಮಾನವಿತ್ತು. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಅದೇ ಹೆಸರಿನ ಕವನ ಸಂಕಲನ ಬಂದಮೇಲೆ ಆ ಹೆಸರು ಹೂವಿಗಿಂತ ಹೆಚ್ಚು ದೂರ ಹೋಗಿದೆ. ನರ್ಸರಿಯವರಿಗೂ ಅದು ಗೊತ್ತು.

ಮಲ್ಲಿಗೆ ಬೇಸಿಗೆಯ ಹೂ ಅನ್ನುತ್ತೇವೆ, ಅದರ ನಿಜವಾದ ಕೆಲಸ ಇರುವುದು ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ನೀರು ಕಡಿಮೆ ಮಾಡಿ, ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ, ಉಳಿದ ಎಲೆಯನ್ನೂ ಕಿತ್ತು ಬಿಡಬೇಕು. ಆಗ ಮನೆಗೆ ಬಂದ ನೆಂಟರು 'ಒಣಗಿಹೋಗಿದೆಯಲ್ಲ, ಬೇರೆ ಹಾಕಬಾರದೇ?' ಎಂದು ಮರುಕಪಡುತ್ತಾರೆ. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ ಮಾತ್ರ, ಹಳೆಯ ಕಡ್ಡಿಯನ್ನು ಉಳಿಸಿಕೊಂಡರೆ ಗಿಡ ಪೊದೆಯಾದೀತು, ಹೂವಾಗದು. ಶಿವರಾತ್ರಿಯ ಹೊತ್ತಿಗೆ ಗೊಬ್ಬರ ಕೊಟ್ಟು ನೀರು ಹಿಡಿದರೆ ಗೆಣ್ಣುಗೆಣ್ಣಿನಲ್ಲೂ ಚಿಗುರು. ಯುಗಾದಿಯ ಆಸುಪಾಸಿಗೆ ಆ ಚಿಗುರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು. ಸಾಮಾನ್ಯವಾಗಿ ಮೂರು ಒಟ್ಟಿಗೆ ಇರುತ್ತವೆ. ನಡುವಿನದು ಮೊದಲು ಬಲಿಯುತ್ತದೆ, ಆಚೀಚಿನವು ಆಮೇಲೆ. ಹಾಗಾಗಿ ದೊಡ್ಡದನ್ನು ಬಿಡಿಸುವಾಗ ಪಕ್ಕದವಕ್ಕೆ ಉಗುರು ತಾಕಬಾರದು. ಮೊಗ್ಗು ನೇರಳೆಗೆ ತಿರುಗಿದರೆ ಒಳಗೆ ಹುಳು ಕೂತಿದೆಯೆಂದು ಲೆಕ್ಕ. ಕಿತ್ತು ದೂರ ಎಸೆಯುವುದು, ಬೇವಿನೆಣ್ಣೆ ಸಿಂಪಡಿಸುವುದು. ಇದರಲ್ಲಿ ಹೇಳಿಕೊಳ್ಳುವಂಥ ಸೊಗಸೇನೂ ಇಲ್ಲ.

ನೀರಿನದೇ ಒಂದು ಕತೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಆಜ್ಞೆಯಾಯಿತು. ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಸಾಲುಗಟ್ಟಿದ ವರ್ಷ ಅದು, ಆಜ್ಞೆಯನ್ನು ದೂರುವಂತಿರಲಿಲ್ಲ. ಆಗಿಂದ ನಮ್ಮ ಮನೆಯ ಅಕ್ಕಚ್ಚು, ತರಕಾರಿ ತೊಳೆದ ನೀರು, ಸೊಪ್ಪು ಅಲುಬಿದ ನೀರು ಎಲ್ಲ ಒಂದು ಬಕೆಟ್ಟಿಗೆ ಸೇರಿ ಸಂಜೆ ಕುಂಡಕ್ಕೆ ಹೋಗುತ್ತದೆ. ಮಲ್ಲಿಗೆ ಮುನಿಸಿಕೊಂಡಿಲ್ಲ. ಮುನಿಸಿಕೊಂಡವರು ಕೆಳಗಿನ ಮನೆಯವರು. ಅಕ್ಕಚ್ಚು ತಟ್ಟೆ ತುಂಬಿ ಅವರ ಬೆಡ್‌ಶೀಟಿನ ಮೇಲೆ ಹನಿದರೆ ಕಲೆ ಗಂಜಿ ಹಾಕಿದಂತೆ ಗಟ್ಟಿಯಾಗಿ ಕೂರುತ್ತದಂತೆ. ವಾರಕ್ಕೊಂದು ದಂಡೆ ಹೂ ಕಳಿಸಿ ರಾಜಿ ಮಾಡಿಕೊಂಡಿದ್ದೇವೆ.

ಬೆಳಿಗ್ಗೆ ಕಾಫಿಗೆ ಮೊದಲು ಮೊಗ್ಗು ಬಿಡಿಸಬೇಕು. ನಿನ್ನೆ ಹಸಿರು ಛಾಯೆಯಿದ್ದದ್ದು ಇವತ್ತು ಹಾಲುಬಿಳಿಯಾಗಿ ಉಬ್ಬಿದ್ದರೆ ಅದು ಈ ಸಂಜೆ ಅರಳುವ ಮೊಗ್ಗು. ಅಲ್ಲಿಂದ ಗಡಿಯಾರ ಶುರು. ಮಲ್ಲಿಗೆ ಮುಸ್ಸಂಜೆಗೆ ಬಿಚ್ಚಿಕೊಳ್ಳುವ ಹೂ. ಗಿಡದಲ್ಲಿರಲಿ, ಮೊರದಲ್ಲಿರಲಿ, ಅದರ ಹೊತ್ತಿಗೆ ಅದು ಬಿಚ್ಚಿಕೊಳ್ಳುತ್ತದೆ. ಅರಳಿದ ಹೂವನ್ನು ಕಟ್ಟಲು ಹೋದರೆ ಪಕಳೆಗೆ ಬೆರಳು ತಾಗಿ ಕಂದುತ್ತದೆ, ಕಟ್ಟಿದ ಸಾಲೂ ಸಮನಾಗಿ ನಿಲ್ಲುವುದಿಲ್ಲ. ಕಟ್ಟುವ ಕೆಲಸವೆಲ್ಲ ಅದಕ್ಕೆ ಮೊದಲು, ಪರಿಮಳ ಹುಟ್ಟುವ ಮೊದಲೇ, ಮುಗಿಯಬೇಕು. ನಾನು ಈ ಹುಚ್ಚಿಗೆ ಬಿದ್ದದ್ದು ಇದಕ್ಕೇ ಇರಬೇಕು. ಮರಗೆಲಸ ಮಾಡುವವರು, ಕಸೂತಿ ಹಾಕುವವರು ನಾಳೆ ಮುಂದುವರಿಸಬಹುದು. ನನ್ನ ಕೈಕೆಲಸಕ್ಕೆ ನಾಳೆ ಅನ್ನುವುದಿಲ್ಲ. ಅರ್ಧ ಕಟ್ಟಿದ ದಂಡೆಯನ್ನು ಎತ್ತಿಟ್ಟುಕೊಳ್ಳಲು ಬರುವುದಿಲ್ಲ, ಕಟ್ಟಿ ಮುಗಿಸಿದ್ದನ್ನು ಕಪಾಟಿನಲ್ಲಿಟ್ಟು ನೆಂಟರಿಗೆ ತೋರಿಸಲೂ ಬರುವುದಿಲ್ಲ. ಹಾಗೆಂದು ಧಾವಂತವೂ ಇಲ್ಲ. ಮೂರರಿಂದ ಐದೂವರೆಯವರೆಗಿನ ಹೊತ್ತು ತನ್ನಷ್ಟಕ್ಕೆ ಅಳತೆ ಮಾಡಿಟ್ಟಂತಿರುತ್ತದೆ. ಫೋನು ಬೇರೆ ಕೋಣೆಯಲ್ಲಿ. ಎತ್ತಿಕೊಳ್ಳಬೇಕೆಂದರೂ ಎರಡೂ ಕೈ ನಾರಿನಲ್ಲಿ ಸಿಕ್ಕಿಕೊಂಡಿರುತ್ತವೆ.

ಚೀನಾದ ಫೂಚೌ ಕಡೆ ಇದೇ ಜಾತಿಯ ಮಲ್ಲಿಗೆಯಿಂದ ಚಹಾಕ್ಕೆ ಪರಿಮಳ ಹಿಡಿಸುತ್ತಾರೆ. ಮಧ್ಯಾಹ್ನ ಮೊಗ್ಗು ಬಿಡಿಸಿ ತಂದು, ರಾತ್ರಿ ಅದು ಅರಳುವ ಹೊತ್ತಿಗೆ ಚಹಾ ಎಲೆಯ ಜೊತೆ ಬೆರೆಸಿಟ್ಟರೆ ಎಲೆ ಕಂಪನ್ನು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹೂವನ್ನು ಬೇರೆ ಮಾಡುತ್ತಾರೆ. ಅಲ್ಲಿಯೂ ಕಾಯುವುದು ಮೊಗ್ಗನ್ನೇ. ಇದನ್ನು ಓದಿದ ಉತ್ಸಾಹದಲ್ಲಿ ನಮ್ಮ ಕಾಫಿಪುಡಿ ಡಬ್ಬಿಗೆ ಮೊಗ್ಗು ಹಾಕೋಣವೇ ಎಂದು ಕೇಳಿದೆ. ಹೆಂಡತಿ ಡಬ್ಬಿಯನ್ನು ಮೇಲಿನ ಅಟ್ಟಣಿಗೆಗೆ ಏರಿಸಿದಳು.

ಬೇಸಿಗೆಯಲ್ಲಿ ನಮ್ಮ ತಿರುಗಾಟವೂ ಹೂವಿನ ಹಿಂದೆಯೇ. ಊಟಿ, ಕೊಡೈಕೆನಾಲಿಗೆ ಹೋಗಿ ಟ್ರಾಫಿಕ್ಕಿನಲ್ಲಿ ತಂಪು ಹುಡುಕುವ ಆಸೆ ನಮಗಿಲ್ಲ. ಚೈತ್ರ ಹುಣ್ಣಿಮೆಗೆ ತಿಗಳರಪೇಟೆಯವರೆಗೆ ಹೋದರೂ ಅದೊಂದು ಪ್ರವಾಸವೇ. ಬೆಂಗಳೂರಿನ ಹೂತೋಟ, ತರಕಾರಿ ತೋಟಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ತಿಗಳರ ಹಬ್ಬ ಕರಗ. ನಡುರಾತ್ರಿ ದಾಟಿದ ಮೇಲೆ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗ ಹೊರಬೀಳುವಾಗ ಎಲ್ಲ ದಿಕ್ಕಿನಿಂದ ಮಲ್ಲಿಗೆ ತೂರುತ್ತಾರೆ. ನೂಕುನುಗ್ಗಲಲ್ಲಿ ಕಾಣುವುದು ಅರ್ಧ, ಮೂಗಿಗೆ ಬರುವುದು ಪೂರ್ತಿ.

ಒಂದು ದಿನ ರಜೆ ಹೆಚ್ಚು ಸಿಕ್ಕರೆ ಉಡುಪಿಗೆ ರಾತ್ರಿ ಬಸ್ಸು. ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಶಂಕರಪುರ ಸಿಗುತ್ತದೆ. ಕಡಲು ನೋಡಲು ಹೋಗುವವರ ಕಾರುಗಳು ಹೆದ್ದಾರಿಯಲ್ಲೇ ಮುಂದೆ ಹೋಗಿಬಿಡುವುದರಿಂದ ಇಲ್ಲಿ ಗಲಾಟೆ ಇಲ್ಲ. ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಮಲ್ಲಿಗೆಯ ಊರು ಇದು. ದೊಡ್ಡ ತೋಟಗಳನ್ನು ನಿರೀಕ್ಷಿಸಿಕೊಂಡು ಹೋದರೆ ನಿರಾಸೆಯಾದೀತು. ಇರುವುದು ಮನೆಯಂಗಳದ ಪಕ್ಕ, ತೆಂಗಿನ ಸಾಲಿನ ಆಚೆ, ಹತ್ತಿಪ್ಪತ್ತು ಗಿಡ, ಹೆಚ್ಚೆಂದರೆ ನೂರು. ಮನೆಮಂದಿ ಬೆಳಗಾಗುವ ಮೊದಲೇ ಗಿಡದ ನಡುವೆ ಬಗ್ಗಿರುತ್ತಾರೆ. ಕೊಯ್ದ ಮೊಗ್ಗು ಚಾವಡಿಗೆ ಬಂದು ಬೀಳುತ್ತಲೇ ಹೆಂಗಸರು, ಗಂಡಸರು, ಶಾಲೆಗೆ ರಜೆಯಿರುವ ಮಕ್ಕಳು ಸುತ್ತ ಕೂರುತ್ತಾರೆ. ಲೆಕ್ಕ ಅಲ್ಲಿ ಮೊಳದ್ದಲ್ಲ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇವತ್ತಿನ ದರ ಎಷ್ಟು ಅನ್ನುವುದು ಆಯಾ ದಿನ ನಿಗದಿಯಾಗುತ್ತದೆ. ಮದುವೆ, ನೇಮ, ಕೋಲ ಒಟ್ಟಿಗೆ ಬಿದ್ದ ವಾರ ಸಾವಿರ ದಾಟುವುದುಂಟು. ಮಳೆ ಹಿಡಿದು ಶುಭಕಾರ್ಯ ನಿಂತರೆ ಅದೇ ಹೂವನ್ನು ಕೇಳುವವರಿಲ್ಲ.

ಗೆಳೆಯನ ಅತ್ತೆಯ ಮನೆ ಅಲ್ಲಿದೆ. ಚಾವಡಿಯಲ್ಲಿ ನಾನೂ ನಾರು ಹಿಡಿದು ಕೂತೆ. ನನ್ನ ಕೈಚಳಕದ ಬಗ್ಗೆ ಬೆಂಗಳೂರಿನಲ್ಲಿ ಒಂದಿಷ್ಟು ಹೆಸರಿದೆ ಅನ್ನುವ ಧೈರ್ಯ. ಅತ್ತೆಯವರು ತಮ್ಮ ತುಳು ಮಾತನ್ನು ನಿಲ್ಲಿಸಿ ಸ್ವಲ್ಪ ಹೊತ್ತು ನನ್ನ ಬೆರಳನ್ನೇ ನೋಡಿ, 'ನೀವು ಕಟ್ಟುವುದು ಚಂದ ಉಂಟು. ಆದ್ರೆ ಹೀಗೆ ಕಟ್ಟಿದ್ರೆ ಹೂ ಮಾರುವ ಕಟ್ಟೆಗೆ ಮುಟ್ಟುವಾಗ ಮದುಮಗಳಿಗೆ ಮಗು ಆಗಿರ್ತದೆ ಮಾರಾಯ್ರೆ' ಅಂದರು. ಆಮೇಲೆ ನನಗೆ ಮೊಗ್ಗು ಆರಿಸುವ ಕೆಲಸ ಕೊಟ್ಟರು. ಹತ್ತು ಗಂಟೆಯ ಹೊತ್ತಿಗೆ ಅವರ ಚೆಂಡುಗಳೆಲ್ಲ ಹೊರಟುಹೋಗಿದ್ದವು. ಅವರಿಗೆ ಅದು ಅಕ್ಕಿ, ಫೀಸು, ಮನೆಯ ಹೆಂಚು. ಕಾಲಹರಣಕ್ಕೆ ಕಟ್ಟುವವನ ಕೈ ಅವರ ಕೈಯ ಸಮ ಬರಬೇಕಾಗಿಯೂ ಇಲ್ಲ. ಆದರೆ ಅತ್ತೆಯವರು ಕೊನೆಯ ಚೆಂಡು ಮುಗಿಸಿ, ಮಿಕ್ಕ ಮೊಗ್ಗನ್ನು ತಮಗೆಂದು ಬೇರೆ ಒಂದು ನಾರಿನಲ್ಲಿ ಕಟ್ಟಿಕೊಂಡರಲ್ಲ, ಆಗ ಅವರ ಕೈಯೂ ನಿಧಾನವಾಗಿಯೇ ಓಡುತ್ತಿತ್ತು.

ಈ ಬೇಸಿಗೆಯ ದೊಡ್ಡ ಕೆಲಸ ಮೊಗ್ಗಿನ ಜಡೆ. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಹುಡುಕಿದರೆ ಟ್ರಂಕಿನ ತಳದಲ್ಲಿ ಒಂದು ಕಪ್ಪುಬಿಳುಪು ಫೋಟೋ ಸಿಕ್ಕೀತು: ರೇಷ್ಮೆ ಲಂಗದ ಹುಡುಗಿ, ಮುಖದಲ್ಲಿ ನಗುವಿಲ್ಲ, ಹಿಂದೆ ನಿಲುವುಗನ್ನಡಿ, ಕನ್ನಡಿಯಲ್ಲಿ ನೆತ್ತಿಯಿಂದ ಸೊಂಟದವರೆಗೆ ಇಳಿದ ಮೊಗ್ಗಿನ ಜಡೆ. ಅಮ್ಮನದೂ ಒಂದು ಇದೆ. ಆಗ ಜಡೆಯ ಮೇಲೇ ಸೂಜಿ ದಾರದಲ್ಲಿ ಸಾಲುಸಾಲಾಗಿ ಮೊಗ್ಗು ಹೊಲಿಯುತ್ತಿದ್ದರು, ನಡುನಡುವೆ ಕನಕಾಂಬರ, ಮರುಗ, ತುದಿಗೆ ಕುಚ್ಚು. ಮಗು ಅಲ್ಲಾಡದೆ ಗಂಟೆಗಟ್ಟಲೆ ಕೂರಬೇಕು. ಮುಗಿದ ಮೇಲೆ ಒರಗಿ ಕೂರುವ ಹಾಗಿಲ್ಲ. ಮೊಗ್ಗು ಬಿಚ್ಚಿಕೊಂಡರೆ ನೇಯ್ದ ವಿನ್ಯಾಸ ಕೆಡುತ್ತದೆಂದು ಸಂಜೆಯೊಳಗೆ ಸ್ಟುಡಿಯೋ ಮುಟ್ಟುವ ಅವಸರ ಬೇರೆ, ಅಲ್ಲಿ ಕಣ್ಣು ಕುಕ್ಕುವ ದೀಪಗಳ ಸೆಕೆ. ಅಮ್ಮ ಆ ಫೋಟೋದಲ್ಲಿ ಯಾಕೆ ನಕ್ಕಿಲ್ಲ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈಗ ಪಾರ್ಲರುಗಳಲ್ಲಿ ಸಿದ್ಧ ಜಡೆ ಸಿಗುತ್ತದೆ. ಬೇರೆ ಪಟ್ಟಿಯ ಮೇಲೆ ಹೊಲಿದದ್ದನ್ನು ತಂದು ಕಟ್ಟಿಕೊಂಡರಾಯಿತು. ಮದುವೆಯ ತರಾತುರಿಯಲ್ಲಿ ಅದು ಒಳ್ಳೆಯದೇ, ನಾನು ಮೂಗು ಮುರಿಯುವುದಿಲ್ಲ. ಆದರೆ ಅಕ್ಕನ ಮೊಮ್ಮಗಳು, ಆರು ವರ್ಷದವಳು, ಟ್ರಂಕಿನ ಫೋಟೋ ನೋಡಿದವಳೇ 'ಅಜ್ಜಿ, ನಂಗೂ ಇದೇ ಬೇಕು, ಕನ್ನಡಿನೂ ಬೇಕು' ಎಂದು ಹಟ ಹಿಡಿದಿದ್ದಾಳೆ. ಅವಳ ಕೂದಲು ಕಿವಿಯವರೆಗೆ. ಚೌರಿ ಸೇರಿಸಿ ಹೆಣೆಯಬೇಕು. ಫೋನಿನಲ್ಲಿ ಬೆನ್ನಿನ ಕಡೆಯಿಂದಲೇ ಫೋಟೋ ತೆಗೆದರೆ ಆಗದೇ ಎಂದು ಅವಳಪ್ಪ ಕೇಳಿದ್ದಕ್ಕೆ, ಆಗ ಮುಖ ಕಾಣುವುದಿಲ್ಲವಲ್ಲ ಅಂದಳು. ಅದು ನ್ಯಾಯವಾದ ಮಾತು. ವಾರ್ಡ್‌ರೋಬಿನ ಬಾಗಿಲನ್ನು ಕನ್ನಡಿ ಸಮೇತ ಬಿಚ್ಚುವುದೆಂದು ತೀರ್ಮಾನವಾಗಿದೆ.

ನಮ್ಮ ಕುಂಡಗಳೆಲ್ಲ ಸೇರಿ ಒಂದು ಬೆಳಿಗ್ಗೆ ಕೊಡುವ ಮೊಗ್ಗು ಜಡೆಯ ಅರ್ಧಕ್ಕೂ ಬಾರದು. ಹಿಂದಿನ ದಿನದ್ದನ್ನು ಕೂಡಿಸಿಡೋಣವೆಂದರೆ ಫ್ರಿಜ್ಜಿನಲ್ಲಿಟ್ಟ ಮೊಗ್ಗು ಬಣ್ಣಗೆಡುತ್ತದೆ. ಉಳಿದದ್ದನ್ನು ಗಾಂಧಿಬಜಾರಿನಲ್ಲಿ ಬಿಡಿ ಮೊಗ್ಗಾಗಿ ಕೊಳ್ಳಬೇಕು, ಭಾನುವಾರ ನಸುಕಿಗೇ. ಮೊದಲ ಮೂರು ಸಾಲು ಮಾತ್ರ ಮನೆಯ ಮೊಗ್ಗಿನದೇ ಆಗಿರಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ. ಅಕ್ಕ ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ: ಚೌಕಾಸಿ ಮಾಡುವಾಗ ನಾನು ಪಕ್ಕದಲ್ಲಿ ನಿಂತು ಹೂವಿನವಳ ಹತ್ತಿರ ಬಾಳೆನಾರಿನ ವಿಚಾರ ತೆಗೆಯಕೂಡದು. 'ನೀನು ಮಾತಿಗೆ ನಿಂತರೆ ಅಲ್ಲೇ ಎಲ್ಲ ಅರಳಿಹೋಗುತ್ತೆ ಕಣೋ' ಅನ್ನುತ್ತಾಳೆ.