ಜೋಡಿಯ ಬೆಲೆ, ಒಂಟಿಯ ಬೆಲೆ

ಕಳೆದ ಬರಹದಲ್ಲಿ ನಮ್ಮೂರ ಕೆರೆಯ ವಿಚಾರ ಹೇಳುವಾಗ ದನಗಳ ಜಾತ್ರೆಯ ಮಾತೂ ಒಂದು ಸಾಲಿನಲ್ಲಿ ಬಂದಿತ್ತು. ಅದನ್ನು ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ‘ಸಾರ್, ಆ ಕಾಲದಲ್ಲಿ ಎತ್ತಿಗೆ ಬೆಲೆ ಕಟ್ಟುತ್ತಿದ್ದುದು ಹೇಗೆ? ತೂಕ ನೋಡಿಯೋ, ವಯಸ್ಸು ನೋಡಿಯೋ?’ ಎಂದು ಕೇಳಿದ್ದಾರೆ. ಪ್ರಶ್ನೆ ಚಿಕ್ಕದು. ಉತ್ತರ ಮಾತ್ರ ನನ್ನ ತಂದೆಯವರ ಬದುಕಿನಷ್ಟು ಉದ್ದವಾದದ್ದು. ತಿಳಿದಷ್ಟನ್ನು ಕ್ರಮವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಜಾತ್ರೆಗಳ ಕಾಲವನ್ನು ಗಮನಿಸಬೇಕು. ಹಳೆಯ ಮೈಸೂರು ಸೀಮೆಯ ದೊಡ್ಡ ದನಗಳ ಜಾತ್ರೆಗಳು ಬಹುಮಟ್ಟಿಗೆ ರಾಗಿಯ ಒಕ್ಕಣೆ ಮುಗಿದ ಮೇಲೆ, ಮುಂಗಾರು ಬೀಳುವುದಕ್ಕೆ ಮೊದಲು ಸೇರುತ್ತವೆ. ಪುಷ್ಯದಲ್ಲಿ ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯ, ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆ, ಅನಂತರ ಮುಡುಕುತೊರೆ, ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆ, ಚೈತ್ರದಲ್ಲಿ ಮಾಗಡಿಯ ರಂಗನಾಥ. ಈ ಪಟ್ಟಿ ದೇವರ ಪಂಚಾಂಗದಂತೆ ಕಂಡರೂ ಒಳಗಿರುವುದು ಬೇಸಾಯದ ಪಂಚಾಂಗವೇ. ರೈತನ ಕೈಯಲ್ಲಿ ಒಂದಿಷ್ಟು ಹಣ, ಬಣವೆಯಲ್ಲಿ ಹುಲ್ಲು, ಎತ್ತಿಗೆ ಬಿಡುವು, ಇವು ಮೂರೂ ಒಟ್ಟಿಗೆ ಕೂಡುವುದು ಆ ನಾಲ್ಕು ತಿಂಗಳಲ್ಲಿ ಮಾತ್ರ. ಕೊಂಡವನಿಗೆ ಹೊಸ ಜೋಡಿಯನ್ನು ಪಳಗಿಸಿ ಮೊದಲ ಮಳೆಗೆ ನೊಗಕ್ಕೆ ಕಟ್ಟಲು ಸಮಯವೂ ಸಿಕ್ಕುತ್ತಿತ್ತು.

ಇನ್ನು ತಳಿಗಳ ಮಾತು. ನಮ್ಮ ತುಮಕೂರು ಸೀಮೆಯಲ್ಲಿ ‘ದನ’ ಎಂದರೆ ಹಳ್ಳಿಕಾರ್ ದನವೇ. ಬೂದು ಮೈ, ಉದ್ದನೆಯ ಕಿರಿದಾದ ಮುಖ, ನಡುವೆ ಗೀರಿನಂತೆ ತಗ್ಗಿರುವ ಉಬ್ಬು ಹಣೆ, ನೆತ್ತಿಯಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತಿರುಗುವ ಚೂಪಾದ ಕೊಂಬು. 2000ದಲ್ಲಿ ಅಂಚೆ ಇಲಾಖೆ ದೇಶೀ ಗೋತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ನಮ್ಮ ಹಳ್ಳಿಕಾರ್ ಕೂಡ ಒಂದಾಗಿತ್ತು. ಆ ಚೀಟಿಯನ್ನು ತರಗತಿಯಲ್ಲಿ ತೋರಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅಮೃತ ಮಹಲ್ ಇದರ ಹತ್ತಿರದ ಬಂಧು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ಇಟ್ಟ ಹೆಸರು ಅದು. ಹಳ್ಳಿಕಾರ್, ನಮ್ಮ ಪಕ್ಕದ ಹಾಗಲವಾಡಿ ಮತ್ತು ಚಿತ್ರದುರ್ಗದ ದನಗಳಿಂದ ರೂಪುಗೊಂಡ ಈ ತಳಿ ಫಿರಂಗಿ ಎಳೆಯುವುದಕ್ಕೆ, ದಂಡಿನ ಸಾಮಾನು ಹೊರುವುದಕ್ಕೆ ಹೆಸರಾಗಿತ್ತು. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳೆಂಬ ವಿಸ್ತಾರವಾದ ಹುಲ್ಲುಗಾವಲುಗಳು ಅದಕ್ಕೆ ಮೀಸಲಾಗಿದ್ದವು. 1860ರಲ್ಲಿ ಬ್ರಿಟಿಷರು ಖರ್ಚಿನ ನೆಪದಲ್ಲಿ ಹಿಂಡನ್ನು ಮಾರಿಬಿಟ್ಟರು. ಸೈನ್ಯಕ್ಕೆ ಎತ್ತು ಸಾಲದಾದಾಗ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು. ಇಂದು ಅಜ್ಜಂಪುರದ ಕೇಂದ್ರದಲ್ಲಿ ಈ ತಳಿಯನ್ನು ಸಾಕುತ್ತಾರೆ. ಅಲ್ಲಿನ ಹೋರಿಕರುಗಳನ್ನು ಬಹಿರಂಗ ಹರಾಜಿನಲ್ಲಿ ಮಾರುತ್ತಾರೆ. ನಮ್ಮ ತಂದೆಯವರು ಮಾತ್ರ ಅಮೃತ ಮಹಲ್ ಎತ್ತನ್ನು ಕೊಳ್ಳಲು ಒಪ್ಪುತ್ತಿರಲಿಲ್ಲ. ‘ಅದು ಕಾವಲಿನ ದನ, ಸಿಟ್ಟು ಜಾಸ್ತಿ. ಸಿಪಾಯಿಗೆ ಸರಿ, ನಮಗಲ್ಲ’ ಎನ್ನುತ್ತಿದ್ದರು.

ಉತ್ತರದ ಕಡೆಗೆ ವಿಜಯಪುರ, ಬೆಳಗಾವಿ ಸೀಮೆಯಲ್ಲಿ ಖಿಲಾರಿ. ಎರೆ ಮಣ್ಣಿನ ಆಳದ ಉಳುಮೆಗೆ ಭಾರವಾದ ಮೈಯ ಕೃಷ್ಣಾ ವ್ಯಾಲಿ. ಬೀದರಿನ ಕಡೆ ಕಪ್ಪು ಬಿಳುಪಿನ ದೇವಣಿ. ಮಳೆನಾಡಿನ ಇಳಿಜಾರಿಗೆ ತಕ್ಕ ಕುಳ್ಳ ಮೈಯ ಮಲೆನಾಡು ಗಿಡ್ಡ. ನೆಲ ಹೇಗೋ ದನ ಹಾಗೆ. ಆದ್ದರಿಂದ ‘ಯಾವ ತಳಿ ಮೇಲು?’ ಎಂಬ ಪ್ರಶ್ನೆಗೆ ‘ಯಾವ ಮಣ್ಣಿಗೆ?’ ಎಂಬ ಮರುಪ್ರಶ್ನೆಯೇ ಸರಿಯಾದ ಉತ್ತರ.

ಈಗ ಬೆಲೆಗೆ ಬರೋಣ. ಜಾತ್ರೆಯಲ್ಲಿ ಮೊದಲು ನೋಡುವುದು ಬಾಯಿ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕೆಳಗೆ ಎಂಟು ಹಲ್ಲುಗಳಿರುತ್ತವೆ. ಸುಮಾರು ಎರಡು ಎರಡೂವರೆ ವರ್ಷದಲ್ಲಿ ನಡುವಿನ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬರುತ್ತವೆ. ಅನಂತರ ನಾಲ್ಕು, ಆರು, ಕಡೆಗೆ ಐದು ವರ್ಷದ ಸುಮಾರಿಗೆ ಎಂಟೂ ತುಂಬಿ ‘ಬಾಯಿಗೂಡುತ್ತದೆ’. ಅಲ್ಲಿಂದ ಮುಂದೆ ವಯಸ್ಸಿನ ಲೆಕ್ಕ ಅಂದಾಜಿನದು. ಹಲ್ಲಿನ ಸವೆತ ನೋಡಿ ಹೇಳಬೇಕು. ಅನಂತರ ಸುಳಿ. ಇಂಥ ಕಡೆ ಸುಳಿಯಿದ್ದರೆ ಮನೆಗೆ ಒಳ್ಳೆಯದು, ಇಂಥ ಕಡೆ ಇದ್ದರೆ ಕೇಡು ಎಂಬ ನಂಬಿಕೆಯಿಂದಾಗಿ ಎಷ್ಟೋ ಒಳ್ಳೆಯ ಎತ್ತುಗಳು ಅಗ್ಗಕ್ಕೆ ಹೋಗುತ್ತಿದ್ದವು. ವಿಜ್ಞಾನ ಪಾಠ ಮಾಡಿದ ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ಕೊಳ್ಳುವವರೆಲ್ಲ ನಂಬಿದ ಮೇಲೆ ಸುಳಿಯೂ ಬೆಲೆಯ ಒಂದು ಅಂಶವೇ ಆಗಿಬಿಡುತ್ತದೆ. ಅದರ ಮೇಲೆ ಗೊರಸು, ಕಾಲಿನ ನಿಲುವು, ನಡಿಗೆ, ಹೆಗಲಿನ ಗಟ್ಟಿತನ, ಗಾಡಿಗೆ ಕಟ್ಟಿದಾಗ ಹಿಂಜರಿಯುತ್ತದೆಯೋ ಇಲ್ಲವೋ ಎಂಬ ಪರೀಕ್ಷೆ.

ಇಷ್ಟಾದ ಮೇಲೆ ವ್ಯಾಪಾರ. ಅದು ಬಾಯಲ್ಲಿ ನಡೆಯುತ್ತಿರಲಿಲ್ಲ, ಟವೆಲಿನ ಮರೆಯಲ್ಲಿ ನಡೆಯುತ್ತಿತ್ತು. ದಲ್ಲಾಳಿಯು ಮಾರುವವನ ಕೈಯನ್ನು ಬಟ್ಟೆಯ ಕೆಳಗೆ ಹಿಡಿದು, ಬೆರಳುಗಳನ್ನು ಒತ್ತಿ ಅಂಕಿ ಹೇಳುತ್ತಿದ್ದನು. ಹಿಡಿದ ಬೆರಳು ನೂರೋ ಹತ್ತೋ ಎಂಬುದನ್ನು ಮಾತ್ರ ಮೆಲ್ಲಗೆ ಉಸುರುತ್ತಿದ್ದನು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಬೆಲೆ ತಿಳಿಯುತ್ತಿದ್ದುದು ಇಬ್ಬರಿಗೆ. ಒಪ್ಪಿಗೆಯಾದರೆ ಸಂಚಕಾರದ ಹಣ ಕೈಗೆ ಬರುತ್ತಿತ್ತು, ಹಗ್ಗ ಕೈ ಬದಲಾಗುತ್ತಿತ್ತು. ನಾನು ಮುಂದೆ ಮಕ್ಕಳಿಗೆ ಬಾಯಿಲೆಕ್ಕ ಕಲಿಸುವಾಗ ಆ ದಲ್ಲಾಳಿಗಳನ್ನು ಎಷ್ಟೋ ಸಲ ನೆನೆದಿದ್ದೇನೆ. ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ, ಲೆಕ್ಕ ತಪ್ಪುತ್ತಿರಲಿಲ್ಲ.

ಆದರೆ ಬೆಲೆಯ ನಿಜವಾದ ಗುಟ್ಟು ಇದ್ದದ್ದು ಜೋಡಿಯಲ್ಲಿ. 1964ರಲ್ಲಿ ತಂದೆಯವರು ಮಾಗಡಿ ಜಾತ್ರೆಯಲ್ಲಿ ಹಾಲುಹಲ್ಲಿನ ಎರಡು ಹೋರಿಕರುಗಳನ್ನು 310 ರೂಪಾಯಿಗೆ ತಂದರು. ಹುರುಳಿ ಬೇಯಿಸಿ ತಿನ್ನಿಸಿ, ಕೆರೆಯಲ್ಲಿ ಮೈ ತೊಳೆದು, ಮೊದಲು ಬರಿಯ ನೊಗ, ಆಮೇಲೆ ಹಗುರವಾದ ಕುಂಟೆ, ಕಡೆಗೆ ನೇಗಿಲು ಎಂದು ಹಂತಹಂತವಾಗಿ ಪಳಗಿಸಿದರು. ಎರಡು ವರ್ಷ ನಮ್ಮ ಹೊಲವನ್ನು ಅವೇ ಉತ್ತವು. 1966ರಲ್ಲಿ ನಾಲ್ಕು ಹಲ್ಲಾಗಿದ್ದ ಆ ಜೋಡಿ ಸಿದ್ಧಗಂಗೆ ಜಾತ್ರೆಯಲ್ಲಿ 840 ರೂಪಾಯಿಗೆ ಮಾರಾಟವಾಯಿತು. ಎತ್ತರ, ಬಣ್ಣ, ಕೊಂಬಿನ ತಿರುವು ಎಲ್ಲವೂ ಅಚ್ಚು ಹಾಕಿದಂತೆ ಒಂದೇ ಆಗಿದ್ದುದರಿಂದ ಬಂದ ಬೆಲೆ ಅದು. ಅದರಲ್ಲಿ ಒಂದು ಪಾಲು ಮತ್ತೊಂದು ಜೋಡಿ ಕರುಗಳಿಗೆ ಹೋಯಿತು. ಉಳಿದದ್ದು ನನ್ನ ಶಿಕ್ಷಕರ ತರಬೇತಿಯ ಖರ್ಚಿಗೆ ಬಂದಿತು. ನೀವು ನನ್ನನ್ನು ‘ಮೇಷ್ಟ್ರೇ’ ಎಂದು ಕರೆಯುವುದರಲ್ಲಿ ಆ ಎರಡು ಎತ್ತುಗಳ ಹೆಗಲೂ ಇದೆ.

ಒಂಟಿಯ ಬೆಲೆ ಏನೆಂಬುದು ತಿಳಿದದ್ದು 1972ರ ಬರದಲ್ಲಿ. ಆಗ ಮನೆಯಲ್ಲಿದ್ದ ಬಾಯಿಗೂಡಿದ ಜೋಡಿಯಲ್ಲಿ ಒಂದು ಹಾವು ಕಚ್ಚಿ ಸತ್ತಿತು. ಒಳ್ಳೆಯ ವರ್ಷದಲ್ಲಿ ಆ ಜೋಡಿಗೆ 1,200 ರೂಪಾಯಿ ಬರುತ್ತಿತ್ತು. ಹಾಗಾದರೆ ಉಳಿದ ಒಂದಕ್ಕೆ 600 ಬರಬೇಕೆಂದು ಶಾಲೆಯ ಲೆಕ್ಕ ಹೇಳುತ್ತದೆ. ಸಂತೆಯ ಲೆಕ್ಕ ಬೇರೆ. ‘ಒಂಟಿ ಎತ್ತು ತಗಂಡು ಏನ್ ಮಾಡಾನ ಗೌಡ್ರೇ?’ ಎಂಬುದೇ ಎಲ್ಲರ ಮಾತು. ಅದರ ಮೇಲೆ ಬರ. ಬರದಲ್ಲಿ ಹುಲ್ಲಿನ ಬೆಲೆ ಏರಿದಷ್ಟೂ ದನದ ಬೆಲೆ ಇಳಿಯುತ್ತದೆ, ಏಕೆಂದರೆ ಎಲ್ಲರೂ ಮಾರುವವರೇ. ಕಡೆಗೆ ಒಬ್ಬ ವ್ಯಾಪಾರಿ 225 ರೂಪಾಯಿ ಎಂದನು. ಅವನು ಅದನ್ನು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಅದೇ ದಿನ ಸಂಜೆ ಪಕ್ಕದ ಹೋಬಳಿಯ ಒಬ್ಬ ರೈತನು ಬಂದನು. ಅವನ ಜೋಡಿಯಲ್ಲಿಯೂ ಒಂದು ಹೋಗಿತ್ತು. ಅವನಲ್ಲಿದ್ದುದು 200 ರೂಪಾಯಿ ಮಾತ್ರ. ತಂದೆಯವರು ಅವನಿಗೇ ಹಗ್ಗ ಕೊಟ್ಟರು. ಆ ಇಪ್ಪತ್ತೈದು ರೂಪಾಯಿಗೆ ಆ ವರ್ಷ ಎಷ್ಟು ರಾಗಿ ಬರುತ್ತಿತ್ತೆಂಬುದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಏನೂ ಅನ್ನಲಿಲ್ಲ. ಎತ್ತಿನ ಹಣೆಗೆ ಕುಂಕುಮವಿಟ್ಟು ಕಳುಹಿಸಿದಳು.

ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿನ ದನಗಳ ಹರಾಜನ್ನು ನೋಡಿ ಬಂದು ನನಗೆ ದೀರ್ಘವಾದ ಪತ್ರ ಬರೆದಿದ್ದನು. ಅಲ್ಲಿ ದನವನ್ನು ಸಾಕುವುದು ಮಾಂಸಕ್ಕಾಗಿ. ಆದ್ದರಿಂದ ತಕ್ಕಡಿಯೇ ಪ್ರಧಾನ; ನೂರು ಪೌಂಡು ತೂಕಕ್ಕೆ ಇಷ್ಟು ಡಾಲರ್ ಎಂದು ಎಲ್ಲರೆದುರು ಕೂಗಿ ಹರಾಜು ಹಾಕುತ್ತಾರೆ. ಟವೆಲಿಲ್ಲ, ಗುಟ್ಟಿಲ್ಲ. ಆದರೂ ಕಪ್ಪು ಮೈಯ ಕರುಗಳಿಗೆ ಹೆಚ್ಚು ಬೆಲೆ ಬರುವುದನ್ನು ಕಂಡು ಅವನು ಸೋಜಿಗಪಟ್ಟಿದ್ದನು. ಕಾರಣ ಸರಳವಾದದ್ದು. ಕಪ್ಪು ಬಣ್ಣ ಆಂಗಸ್ ತಳಿಯ ಗುರುತು. 1978ರಲ್ಲಿ ಅಲ್ಲಿನ ಆಂಗಸ್ ಸಾಕಣೆದಾರರು ಆರಂಭಿಸಿದ ಮಾಂಸದ ಮುದ್ರೆಗೆ ಅರ್ಹವಾಗಲು ದನದ ಮೈ ಬಹುಪಾಲು ಕಪ್ಪಾಗಿರಬೇಕು. ನಮ್ಮಲ್ಲಿ ಸುಳಿ, ಅಲ್ಲಿ ಬಣ್ಣ! ತಕ್ಕಡಿಯಿದ್ದ ಕಡೆಯೂ ಕಣ್ಣು ಸುಮ್ಮನಿರುವುದಿಲ್ಲ. ಅವನು ಕಂಡ ಇನ್ನೊಂದು ತಳಿ ಬ್ರಾಹ್ಮನ್, ಹಿಣಿಲುಳ್ಳದ್ದು. ಅದು ನಮ್ಮ ದೇಶದಿಂದ ಹೋದ ಗೀರ್, ಗುಜರಾತಿನ ಕಾಂಕ್ರೇಜ್, ಒಂಗೋಲ್ ಮತ್ತು ನಮ್ಮದೇ ಕೃಷ್ಣಾ ವ್ಯಾಲಿ ದನಗಳ ರಕ್ತದಿಂದ ಹುಟ್ಟಿದ್ದು. ಬಿಸಿಲು, ಉಣ್ಣೆ ಎರಡನ್ನೂ ತಡೆಯುವ ಗುಣಕ್ಕಾಗಿ ಅಲ್ಲಿ ಅದಕ್ಕೆ ಬೆಲೆ. ಅದೇ ಕೃಷ್ಣಾ ವ್ಯಾಲಿ ದನ ಹುಟ್ಟಿದ ನಾಡಿನಲ್ಲಿ ಅಪರೂಪವಾಗಿದೆ.

ಏಕೆ ಅಪರೂಪವಾಯಿತು? ಇಲ್ಲಿಯೇ ಇಂದಿನ ಕಷ್ಟವಿದೆ. ನಮ್ಮ ದನಗಳ ಬೆಲೆ ಕೆಲಸದ ಬೆಲೆಯಾಗಿತ್ತು. ಟ್ರ್ಯಾಕ್ಟರು, ಟಿಲ್ಲರು ಬಂದು ಕೆಲಸವನ್ನು ಕಿತ್ತುಕೊಂಡವು. ಆಮೇಲೆ ಹಟ್ಟಿಗೆ ಮಿಶ್ರತಳಿ ಸೀಮೆಹಸು ಬಂದಿತು. ಡೈರಿಯಲ್ಲಿ ವಾರವಾರ ಹಣ ಎಣಿಸಿ ಕೊಡುವ ಹಸು ಅದು. ಈಗ ಲೆಕ್ಕ ನೋಡಿ: ಹಳ್ಳಿಕಾರ್ ತಳಿಯಲ್ಲಿ ಹೋರಿಕರುವಿಗೆ ಬೆಲೆಯಿದೆ, ಒಂದೆರಡು ಲೀಟರು ಹಾಲು ಕೊಡುವ ಹಸುವಿಗೆ ಇಲ್ಲ. ಸೀಮೆಹಸುವಿನಲ್ಲಿ ಹಸುವಿಗೆ ಬೆಲೆಯಿದೆ, ಉಳುಮೆಗೆ ಬಾರದ ಗಂಡುಕರುವಿಗೆ ಇಲ್ಲ. ಎರಡು ಕಡೆಯೂ ಹುಟ್ಟಿದ್ದರಲ್ಲಿ ಅರ್ಧ ಬೇಡವಾದದ್ದು. ಹಳ್ಳಿಕಾರ್ ಎತ್ತಿಗೆ ಲಕ್ಷಗಟ್ಟಲೆ ಕೊಡಲು ಜನರಿದ್ದಾರೆ, ಅದನ್ನು ಹೆರುವ ಹಸುವನ್ನು ಸಾಕಲು ಜನರಿಲ್ಲ.

ಮುದಿ ಎತ್ತಿನ ಪ್ರಶ್ನೆ ಇನ್ನೂ ಕಠಿಣವಾದದ್ದು. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತುಗಳಿಗೆ ಪ್ರಮಾಣಪತ್ರದ ಮೇಲೆ ವಧೆಗೆ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಅದನ್ನು ನಿಲ್ಲಿಸಿತು. ಎತ್ತಿನ ಹಣೆಗೆ ಕುಂಕುಮವಿಟ್ಟ ಅವ್ವನ ಮಗನಾಗಿ ನನಗೆ ಅದರ ಹಿಂದಿನ ಭಾವನೆ ಅರ್ಥವಾಗುತ್ತದೆ. ಆದರೆ ದುಡಿಯಲಾರದ ಎತ್ತಿಗೆ ದಿನವೂ ಹುಲ್ಲು ಬೇಕು. ಆ ಹುಲ್ಲಿನ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆ ಎರಡೆಕರೆಯ ರೈತನ ಬಾಗಿಲಲ್ಲಿಯೇ ಉಳಿದುಬಿಟ್ಟಿದೆ. ಭಾವನೆ ಊರಿನದು, ಖರ್ಚು ಒಬ್ಬನದು ಎಂದಾದರೆ ಅದು ಬಹುಕಾಲ ನಡೆಯುವುದಿಲ್ಲ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ಊರಿನಲ್ಲಿರುವ ನನ್ನ ತಮ್ಮನ ಮಗನ ಬಳಿ ಮನೆಯಲ್ಲಿಯೇ ಹುಟ್ಟಿದ ಎರಡು ಹಲ್ಲಿನ ಹಳ್ಳಿಕಾರ್ ಜೋಡಿಯಿದೆ. ಮನೆಗೇ ಬಂದು ಒಬ್ಬರು 1,80,000 ರೂಪಾಯಿ ಕೇಳಿದ್ದಾರೆ. ಅವನಿಗೆ ಸಾಲ ಮಾಡಿಯಾದರೂ ಘಾಟಿಯಲ್ಲಿ ಪೆಂಡಾಲು ಹಾಕಿಸಿ, ವಾದ್ಯದೊಡನೆ ಮೆರವಣಿಗೆ ಮಾಡಿ, ಎರಡರಷ್ಟು ಬೆಲೆ ಪಡೆಯುವ ಆಸೆ. ಆ ಖರ್ಚಿಗೆಂದು ಹಟ್ಟಿಯ ಎರಡು ಹಳ್ಳಿಕಾರ್ ಹಸುಗಳನ್ನು ಮಾರುವ ಯೋಚನೆ. ‘ದೊಡ್ಡಪ್ಪ, ನೀವೇನಂತೀರಿ?’ ಎಂದು ಕೇಳಿದ್ದಾನೆ.

ನನ್ನ ಮಾತು ಇಷ್ಟೇ. ಕೆಲಸಕ್ಕಾಗಿ ಕೊಳ್ಳುವವನ ಬೆಲೆ ಮಳೆ, ಮಣ್ಣುಗಳನ್ನು ನಂಬಿರುತ್ತದೆ. ಮೆರವಣಿಗೆಗಾಗಿ ಕೊಳ್ಳುವವನ ಬೆಲೆ ಅವನ ಮನಸ್ಸನ್ನು ನಂಬಿರುತ್ತದೆ. 2022ರ ಚಳಿಗಾಲದಲ್ಲಿ ಚರ್ಮಗಂಟು ರೋಗದ ಕಾರಣ ಜಾತ್ರೆಗಳಿಗೆ ನಿಷೇಧ ಬಂದಾಗ, ವರ್ಷವಿಡೀ ತಿನ್ನಿಸಿ ಕಾದಿದ್ದವರ ಪಾಡೇನಾಯಿತೆಂಬುದನ್ನು ನಾವೆಲ್ಲ ಕಂಡೆವು. ಆದ್ದರಿಂದ ಮಗು, ಜೋಡಿಯನ್ನು ಈಗಲೇ ಕೊಡು, ಒಂಟಿಯಾಗಿ ಮಾತ್ರ ಬಿಡಿಸಬೇಡ. ಹಸುಗಳನ್ನು ಇಟ್ಟುಕೊ. ಅವುಗಳ ಹಾಲನ್ನು ಅಳೆದರೆ ನಷ್ಟವೇ ಕಾಣುತ್ತದೆ. ಆದರೆ ಈ ಜೋಡಿಯನ್ನು ಕೊಟ್ಟದ್ದು ಅವೇ ಎಂಬುದನ್ನೂ ಲೆಕ್ಕಕ್ಕೆ ಹಿಡಿ. ಅವುಗಳ ಈ ವರ್ಷದ ಹುಲ್ಲು, ಹಿಂಡಿಯ ಖರ್ಚಿನಲ್ಲಿ ಅರ್ಧ ಈ ದೊಡ್ಡಪ್ಪನ ಪಿಂಚಣಿಯಿಂದ ಬರುತ್ತದೆ. ಬರಿಯ ಬುದ್ಧಿವಾದ ಹೇಳಿ ಖರ್ಚನ್ನು ನಿನಗೊಬ್ಬನಿಗೇ ಬಿಡುವುದು ನ್ಯಾಯವಲ್ಲ.

ನಿಮ್ಮ ನಿಮ್ಮ ಊರುಗಳಲ್ಲಿ ಹಲ್ಲು ನೋಡಿ ವಯಸ್ಸು ಹೇಳಬಲ್ಲ, ಟವೆಲಿನ ಕೆಳಗೆ ಬೆರಳಿನ ಲೆಕ್ಕ ಬಲ್ಲ ಹಿರಿಯರು ಇನ್ನೂ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿ. ನನಗೂ ಬರೆದು ಕಳುಹಿಸಿ. ಹೆಸರುಗಳು, ಲೆಕ್ಕಗಳು ನನ್ನ ನೆನಪಿಗಿಂತ ಅವರ ಬಾಯಲ್ಲಿ ಹೆಚ್ಚು ಖಚಿತವಾಗಿರುತ್ತವೆ.